ಕಾವಲೂ ಶೋಧನೆಯೂ

ಊರನ್ನು ಕಾಯತಕ್ಕವನೂ ಅಪರಾಧವನ್ನು ಶೋಧಿಸತಕ್ಕವನೂ ಒಬ್ಬನೇ ಆಗಿರಬೇಕೆ, ಬೇರೆಬೇರೆಯಾಗಿರಬೇಕೆ ಎಂಬ ವಾದವು ಹೊಸದಾಗಿ ತೋರಿದರೂ ಬಹು ಹಳೆಯದು. ಕೌಟಿಲ್ಯನು ನಗರದ ಕಾವಲನ್ನು ನಾಗರಿಕನೆಂಬ ಅಧಿಕಾರಿಗೆ ವಹಿಸಿದನು. ಕಂಟಕಶೋಧನವನ್ನು ಪ್ರದೇಷ್ಟೃಗಳಿಗೆ ಒಪ್ಪಿಸಿ, ಹಠಾತ್ತಾಗಿ ಮೃತರಾದವರ ದೇಹಪರೀಕ್ಷೆಗೆ ಪ್ರತ್ಯೇಕವಾದ ಪ್ರಕರಣವನ್ನೇ ಬರೆದನು.

ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿಗಳಂತಹ ಊರುಗಳಲ್ಲಿ ಈ ಪ್ರಶ್ನೆಯು ಬರಿಯ ಶಾಸ್ತ್ರಚರ್ಚೆಯಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆಯ ಕೊನೆಗೆ ನೀರು ಬಾರದೆ ರೈತರು ಗುಂಪುಗೂಡಿದ ದಿನ ಠಾಣೆಯ ಅಧಿಕಾರಿ ಅಲ್ಲಿರಬೇಕು. ಮಲ್ಲಿಕಾರ್ಜುನನ ಜಾತ್ರೆಗೂ ಚುನಾವಣೆಗೂ ಮಂತ್ರಿಗಳ ಸವಾರಿಗೂ ಅವನೇ ಬೇಕು. ಅಷ್ಟರಲ್ಲಿ ಕೊಲೆಯ ಸ್ಥಳದ ಗುರುತು ಮಳೆಯಲ್ಲಿ ತೊಳೆದುಹೋಗುತ್ತದೆ. ಸಾಕ್ಷಿಯು ಕೂಲಿಯನ್ನರಸಿ ಬೆಂಗಳೂರಿಗೆ ಹೊರಟುಹೋಗುತ್ತಾನೆ. ನಿಯಮಿತವಾದ 60 ಅಥವಾ 90 ದಿನಗಳೊಳಗೆ ದೋಷಾರೋಪಪತ್ರವು ಸಲ್ಲದಿದ್ದರೆ ಅಪರಾಧಿಯೂ ಜಾಮೀನಿಗೆ ಹಕ್ಕುದಾರನಾಗುವನು. ಅವಸರದಿಂದ ಸಲ್ಲಿಸಿದರೆ ನಿರಪರಾಧಿಯು ಸೆರೆಯಲ್ಲಿ ಕೊಳೆಯುವನು.

ಈ ಎರಡು ಕಾರ್ಯಗಳನ್ನು ಬೇರ್ಪಡಿಸಬೇಕೆಂದು ನ್ಯಾಯಮೂರ್ತಿ ಮಳಿಮಠರ ಸಮಿತಿಯು 2003ರಲ್ಲಿ ಹೇಳಿತು. 2006ರ ಸೆಪ್ಟೆಂಬರ್ 22ರಂದು ಪ್ರಕಾಶ ಸಿಂಗರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಹಾಗೆಯೇ ಆಜ್ಞಾಪಿಸಿತು. ಆದರೆ ಮೊದಲು 10 ಲಕ್ಷ ಜನರಿರುವ ನಗರಗಳಲ್ಲಿ, ಕ್ರಮೇಣ ಸಣ್ಣ ಊರುಗಳಲ್ಲಿ ಎಂದಿತು. ಈ ಮೂರೂರುಗಳನ್ನು ಕೂಡಿಸಿದರೂ ಆ ಸಂಖ್ಯೆಯ ಹತ್ತಿರಕ್ಕೆ ಬಾರದು. ಸಣ್ಣ ಊರಿನ ಸಾವು ಸಣ್ಣದೆ?

ಎರಡೂ ಒಂದಾಗಿರಲೆನ್ನುವವರ ಮಾತಿನಲ್ಲಿಯೂ ಸಾರವಿಲ್ಲದಿಲ್ಲ. ಯಾವ ಹೊಲದ ಬದುವಿಗಾಗಿ ಯಾರಿಗೆ ಯಾರ ಮೇಲೆ ಹಗೆಯೆಂಬುದನ್ನು ಬಲ್ಲವನು ದಿನವೂ ಗಸ್ತು ತಿರುಗುವ ಪೇದೆ; ಜಿಲ್ಲಾಸ್ಥಳದಿಂದ ಬಂದ ಶೋಧಕನಿಗೆ ಆ ಅರಿವೆಲ್ಲಿಯದು? ಎರಡು ಶಾಖೆಗಳಲ್ಲಿ ಪೂರ್ಣ ಸಹಕಾರವಿರಬೇಕೆಂದು ನ್ಯಾಯಾಲಯವೂ ಹೇಳಿರುವುದು ಇದಕ್ಕಾಗಿಯೇ. ಆದಕಾರಣ ಒಡೆಯಬೇಕಾದುದು ಠಾಣೆಯನ್ನಲ್ಲ, ಹೊರೆಯನ್ನು. ಒಂದೇ ಸೂರಿನಡಿಯಲ್ಲಿ ಪೇದೆಯ ಅರಿವು ಇಬ್ಬರಿಗೂ ಒದಗಲಿ; ಆದರೆ ಶೋಧಕನನ್ನು ಜಾತ್ರೆಯ ಬಂದೋಬಸ್ತಿಗೆ ಕರೆಯದಿರಲಿ.

ಅಶೋಕನ ಹೆಸರನ್ನು ಹೊತ್ತ ಶಾಸನವು 1915ರಲ್ಲಿ ದೊರೆತುದು ಮಸ್ಕಿಯಲ್ಲಿಯೇ. ಅದೇ ಅರಸನು ಕಳಿಂಗದ ಧೌಲಿಯ ಬಂಡೆಯ ಮೇಲೆ, ಕಾರಣವಿಲ್ಲದೆ ಯಾರಿಗೂ ಸೆರೆಯಾಗಬಾರದೆಂದು ನಗರದ ನ್ಯಾಯಾಧಿಕಾರಿಗಳಿಗೆ ಬರೆಸಿದನು. ನ್ಯಾಯವನ್ನು ಕೆಡಿಸುವ ದೋಷಗಳಲ್ಲಿ ಕ್ರೋಧದೊಡನೆ ಆತುರವನ್ನೂ ಅನಭ್ಯಾಸವನ್ನೂ ಬಳಲಿಕೆಯನ್ನೂ ಎಣಿಸಿದನು. ಒಬ್ಬನ ಹೆಗಲಿಗೆ ಎರಡು ನೊಗಗಳನ್ನು ಕಟ್ಟಿದಲ್ಲಿ ಈ ಕಡೆಯ ಮೂರು ದೋಷಗಳೂ ಕರೆಯದೆಯೇ ಬರುತ್ತವೆ.