ಯಾದಿಯಲ್ಲಿ ಒಂದು ಸಾಲು

ನಮ್ಮ ಮಿರಜ ತಾಲೂಕಿನ ಕನ್ನಡ ಹಳ್ಳಿಗಳಲ್ಲಿ ವಿವಾಹ ನಿಶ್ಚಯಕ್ಕೆ ಸಾಕರಪುಡಾ ಎನ್ನುವರು. ಮಾತು ಮರಾಠಿಯದು, ಸಕ್ಕರೆಯ ಪೊಟ್ಟಣವೆಂದು ಅರ್ಥ. ವರನ ಕಡೆಯ ಮುತ್ತೈದೆಯರು ಕನ್ಯೆಗೆ ಕುಂಕುಮವಿಟ್ಟು, ಸೀರೆ ಕೊಟ್ಟು, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಸಿನ ಕೊಂಬು, ಅಡಿಕೆಗಳಿಂದ ಉಡಿ ತುಂಬಿ, ಕಡೆಗೆ ಬಣ್ಣದ ಕಾಗದದಲ್ಲಿ ಕಟ್ಟಿದ ಸಕ್ಕರೆಯನ್ನು ಅವಳ ಕೈಯಲ್ಲಿರಿಸುವರು. ಇದಕ್ಕೂ ಮುಂಚೆ ಆಗತಕ್ಕ ಕಾರ್ಯವೊಂದುಂಟು, ಅದೇ ಯಾದಿ. ಯಾರು ಏನು ಕೊಡತಕ್ಕದ್ದು, ಲಗ್ನವು ಯಾರ ಊರಲ್ಲಿ, ಊಟದ ಖರ್ಚು ಯಾರದು ಎಂಬುದನ್ನೆಲ್ಲ ಬರೆದು ಹಿರಿಯರೆದುರಿಗೆ ಓದುವರು. ಬರೆಯುವ ಕೆಲಸವು ಬಹುಶಃ ಶಾಲೆಯ ಮಾಸ್ತರರ ಪಾಲಿಗೆ ಬರುವದು. ಅಕ್ಷರ ದುಂಡಗಿರುವದೂ ಒಂದು ದಂಡವೇ ಸರಿ!

ಕಳೆದ ಬೇಸಿಗೆಯಲ್ಲಿ ಬೇಡಗದೊಳಗೆ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳ ಸಾಕರಪುಡಾ ಇದ್ದಿತು. ಹುಡುಗಿಗೆ ಇಪ್ಪತ್ತು ವರುಷ. ದಾದಿಯರ ಮೂರು ವರುಷದ ಶಿಕ್ಷಣದಲ್ಲಿ ಒಂದು ವರುಷ ಮುಗಿಸಿದ್ದಳು. ವರನು ಗಡಿಯಾಚೆ ಕಾಗವಾಡದ ಕಡೆಯವನು. ಹುಡುಗಿಗೆ ಈ ದಾರಿ ತೋರಿಸಿದ ಮಿರಜಿನ ನಿವೃತ್ತ ದಾದಿಯೊಬ್ಬರು ಆ ದಿನ ಬರುವಾಗ ತಮ್ಮ ಮನೆಯ ಅತಿಥಿಗಳನ್ನೂ ಕರೆದುಕೊಂಡು ಬಂದರು. ಅವರು ಕೆನಡಾ ದೇಶದ ಗಂಡಹೆಂಡಿರು; ತಮ್ಮ ಚರ್ಚಿನ ಸೇವಾಕಾರ್ಯಕ್ಕೆಂದು ಕೆಲವು ವಾರಗಳ ಮಟ್ಟಿಗೆ ಬಂದವರು. ಊರಿನವರಿಗೆ ಇದೇನೂ ದೊಡ್ಡ ಸೋಜಿಗವಲ್ಲ. ಕೆನಡಾದಲ್ಲಿಯೇ ಹುಟ್ಟಿದ ವಾನ್ಲೆಸ್ ಸಾಹೇಬರು ಮಿರಜಿನಲ್ಲಿ 1894ರಲ್ಲಿ ಮಿಶನ್ ಆಸ್ಪತ್ರೆಯನ್ನು ತೆರೆದಂದಿನಿಂದ ಬೇನೆ ಬಿದ್ದ ನಮ್ಮ ಹಿರಿಯರು ಚಕ್ಕಡಿ ಕಟ್ಟಿ ನಡೆದದ್ದು ಆ ಬಾಗಿಲಿಗೇ.

ಯಾದಿ ಆರಂಭವಾಯಿತು. ಹುಂಡಾ ಎಂಬ ಶಬ್ದ ಬಂದರೆ ಬರೆಯಲಾರೆವು, 1961ರಿಂದ ಅದು ಕಾಯದೆಗೆ ವಿರುದ್ಧವೆಂದು ಮೊದಲಿಗೇ ಹೇಳಿಬಿಟ್ಟೆವು. ಹಿರಿಯರು ನಕ್ಕರು, ಕೆಲವರು ನಗಲಿಲ್ಲ. ಸೀರೆ, ಪಾತ್ರೆ, ಮಂಟಪ ಎಲ್ಲ ಬರೆದದ್ದಾಯಿತು. ಆಗ ಆ ಪರದೇಶದ ತಾಯಿ ದಾದಿಯವರ ಕಿವಿಯಲ್ಲಿ ಏನನ್ನೋ ಕೇಳಿದರು. ದಾದಿಯವರು ಅದನ್ನು ಅಜ್ಜಿಗೆ ಕನ್ನಡದಲ್ಲಿ ಹೇಳಿದರು: "ಹುಡುಗೀನ ಯಾರರ ಕೇಳಿರೇನು ಅಂತಾರ."

ಚಪ್ಪರದಲ್ಲಿ ಮಾತು ನಿಂತಿತು. ಹೊರಗಿನವರು ಕೇಳತಕ್ಕ ಮಾತೇ ಇದು ಎಂದು ಒಬ್ಬಿಬ್ಬರು ಮುಖ ಗಂಟಿಕ್ಕಿದರು. ನಮಗೆ ಬೇರೊಂದು ನೆನಪಾಯಿತು. 1853ರಲ್ಲಿ ಕನ್ನಡ ನಾಡಿಗೆ ಬಂದು 1894ರಲ್ಲಿ ನಮಗೆ ನಿಘಂಟು ಕೊಟ್ಟ ಕಿಟ್ಟೆಲ್ ಸಾಹೇಬರ ಬಾಸೆಲ್ ಮಿಶನ್ನಿನಲ್ಲಿ ತರುಣ ಮಿಶನರಿಯು ಅವಿವಾಹಿತನಾಗಿಯೇ ಹೊರಡಬೇಕಿತ್ತು. ಮುಂದೆ ಮದುವೆಗೆ ಬಾಸೆಲ್ಲಿನ ಸಮಿತಿಯ ಒಪ್ಪಿಗೆ ಬೇಕು. ಸಮಿತಿಯೇ ಕನ್ಯೆಯನ್ನು ಒಪ್ಪಿ ಕಳಿಸುವದು. ಮುಖ ಕಂಡರಿಯದ ವರನಿಗಾಗಿ ಹಡಗನ್ನೇರಿದ ಹೆಣ್ಣುಮಕ್ಕಳು ಹಲವರು. ಹಿರಿಯರ ಮಾತಿನಿಂದ ಗಂಟು ಬೀಳುವದು ನಮ್ಮ ಚಪ್ಪರದ ಸ್ವತ್ತೇನೂ ಅಲ್ಲ. ಇದನ್ನು ದಾದಿಯವರ ಮುಖಾಂತರ ತಿಳಿಸಿದಾಗ ಆ ತಾಯಿ ನಕ್ಕು ತಲೆದೂಗಿದರು. ಆದರೆ ಪ್ರಶ್ನೆಯನ್ನು ಹಿಂದೆಗೆಯಲಿಲ್ಲ. ಅದು ನಮಗೆ ಮೆಚ್ಚಿಕೆಯಾಯಿತು.

ಅಜ್ಜಿ ಸಿಟ್ಟಾಗಲಿಲ್ಲ. "ಹುಡುಗನ್ನ ನೋಡಿ ಒಪ್ಪ್ಯಾಳವಾ. ಬೇಕಾದ್ರ ಆಕೀನ್ನ ಕೇಳ್ರಿ" ಎಂದು ಮೊಮ್ಮಗಳನ್ನು ಕರೆದಳು. ಹುಡುಗಿ ತಲೆಬಾಗಿಲಲ್ಲಿ ನಿಂತು, "ಹುಡುಗನ ಬಗ್ಗೆ ಏನೂ ಇಲ್ಲ. ನನ್ನ ಕಲಿಯೂದು ಇನ್ನಾ ಎರಡ ವರ್ಷ ಐತಿ. ಮುಗಿಸೇ ಲಗ್ನ" ಎಂದಳು.

"ಲಗ್ನ ಆದಮ್ಯಾಲೆ ಕಲೀಲಿ, ಯಾರು ಬ್ಯಾಡಂತಾರ?" ಎಂದರು ವರನ ಸೋದರಮಾವನವರು.

ಮಾಸ್ತರಿಕೆ ಮಾಡಿದವರಿಗೆ ಈ 'ಆಮ್ಯಾಲೆ' ಚೆನ್ನಾಗಿ ಗೊತ್ತು. ಏಳನೆಯ ಇಯತ್ತೆಯಲ್ಲಿ ಮುಂದಿದ್ದ ಎಷ್ಟೋ ಹುಡುಗಿಯರ ಪುಸ್ತಕಗಳು ಈ ಒಂದು ಶಬ್ದದ ಕೆಳಗೆ ಮುಚ್ಚಿ ಹೋಗಿವೆ. ಅವರನ್ನು ಜಾತ್ರೆಯಲ್ಲಿ ಕೂಸನ್ನೆತ್ತಿಕೊಂಡು ಕಾಣುವೆವು, ನಮಸ್ಕಾರ ಮಾಡುವರು, ಓದಿನ ಮಾತು ಎತ್ತಲು ಅವರಿಗೂ ಆಗದು, ನಮಗೂ ಆಗದು.

ಅಜ್ಜಿ ನಮ್ಮತ್ತ ತಿರುಗಿ, "ಮಾಸ್ತರ್ರ, ಅದನ್ನೂ ಯಾದ್ಯಾಗ ಬರೀರಿ" ಎಂದಳು. ನಾವು ಲೇಖಣಿ ಎತ್ತಿದೆವು. ಸೋದರಮಾವನವರು ಏನೋ ಹೇಳಬೇಕೆಂದಿದ್ದರು. ಅಷ್ಟರಲ್ಲಿ ವರನೇ, "ಬರೀರಿ ಸರ್" ಎಂದನು. ಅವನು ಆ ದಿನವೆಲ್ಲ ಸಭೆಯಲ್ಲಿ ಆಡಿದ್ದು ಅದೊಂದೇ ಮಾತು. "ಕನ್ಯೆಯ ಶಿಕ್ಷಣವು ಮುಗಿದ ತರುವಾಯವೇ ಲಗ್ನವು, ಅಲ್ಲಿಯವರೆಗಿನ ಶಿಕ್ಷಣದ ಖರ್ಚು ತಂದೆಯದು" ಎಂದು ಬರೆದು ಗಟ್ಟಿಯಾಗಿ ಓದಿದೆವು. ಬಳಿಕ ಉಡಿ ತುಂಬಿದರು, ಸಕ್ಕರೆ ಹಂಚಿದರು. ಆ ಪರದೇಶದ ತಾಯಿಗೂ ಖಣ ಕೊಟ್ಟು ಕುಂಕುಮ ಹಚ್ಚಲೆಂದು ಕೇಳಿದಾಗ ಅವರು ಗಂಡನ ಮುಖ ನೋಡದೆಯೇ ಹಣೆಯನ್ನು ಮುಂದೆ ಮಾಡಿದರು.

ಯಾದಿಗೆ ಕೋರ್ಟಿನ ಮುದ್ರೆಯಿಲ್ಲ. ನಾಲ್ಕು ಜನರೆದುರಿಗೆ ಓದಿದ್ದೆಂಬುದೇ ಅದರ ಬಲ. ದೀಪಾವಳಿಗೆ ಬೀಗರು ಬಂದು, ಬರುವ ವೈಶಾಖಕ್ಕೇ ಲಗ್ನ ಮಾಡಿ ಮುಗಿಸೋಣವೆಂದರಂತೆ. ಅಜ್ಜಿ ಟ್ರಂಕಿನೊಳಗಿನ ಕಾಗದ ತೆಗೆದು ನಮಗೆ ಕರೆ ಕಳಿಸಿದಳು. ಹೋಗಿ ಓದಿದೆವು. ಬೀಗರು ಚಹಾ ಕುಡಿದು ಹೋದರು. ಹುಡುಗಿ ಈಗ ಎರಡನೆಯ ವರುಷದಲ್ಲಿದ್ದಾಳೆ.