ಕೊನೆಯ ಸಾಲಿನ ಲೆಕ್ಕ

ಕಡಬ ತಾಲೂಕಿನ ಕೊಯಿಲದ ಅಡಿಕೆ ಬೆಳೆಗಾರರೊಬ್ಬರು ತೋಟದ ಆಳುಗಳ ವಾರದ ಬಟವಾಡೆಯ ಲೆಕ್ಕವನ್ನು ಬಹುಕಾಲ ಪುಸ್ತಕದಲ್ಲಿಯೇ ಬರೆದಿಡುತ್ತಿದ್ದರು. ಮಗಳು ಗಣಕಯಂತ್ರ ತಂದಿತ್ತ ಮೇಲೆ ಅದು ಎಕ್ಸೆಲ್ ಹಾಳೆಯನ್ನೇರಿತು. ಪ್ರತಿ ವಾರವೂ ಅದೇ ಕೂಡುವಿಕೆ, ಅದೇ ಮುಂಗಡದ ಕಳೆಯುವಿಕೆ. ಇದನ್ನು ಯಂತ್ರಕ್ಕೇ ಒಪ್ಪಿಸುವ ಮ್ಯಾಕ್ರೋ ವಿದ್ಯೆಯನ್ನು ಅವರು 60ರ ವಯಸ್ಸಿನಲ್ಲಿ ಕಲಿಯತೊಡಗಿದರು. ಒಮ್ಮೆ ಮಾಡಿ ತೋರಿದ ಕೆಲಸವನ್ನು ಯಂತ್ರವು, 1993ರಿಂದ ಎಕ್ಸೆಲ್‌ನಲ್ಲಿರುವ ವಿಷುವಲ್ ಬೇಸಿಕ್ ಭಾಷೆಯಲ್ಲಿ, ತಾನೇ ಬರೆದುಕೊಳ್ಳುತ್ತದೆ. ಮುಂದೆ ಗುಂಡಿಯೊತ್ತಿದರೆ ಲೆಕ್ಕ ಸಿದ್ಧ.

ಅಡಿಕೆ ಕೊಯ್ಲಿನ ಕಾಲಕ್ಕೆ 12 ಮಂದಿ ಆಳುಗಳು 15 ಆದಾಗ, ಕೊನೆಯ ಮೂವರ ಹೆಸರಿನ ಮುಂದೆ ಮೊತ್ತವೇ ಮೂಡಲಿಲ್ಲ. ಯಂತ್ರವು ಎಚ್ಚರಿಸಲೂ ಇಲ್ಲ. ಅದು ಬರೆದುಕೊಂಡುದನ್ನು ಓದಿದಾಗ ಕಾರಣ ತಿಳಿಯಿತು: ಯಂತ್ರ ಕಲಿತದ್ದು ಲೆಕ್ಕದ ರೀತಿಯನ್ನಲ್ಲ, ಅಂದು ಮುಟ್ಟಿದ 12 ಚೌಕಗಳ ವಿಳಾಸವನ್ನು. ಕೊನೆಯ ಹೆಸರು ಎಲ್ಲಿದೆಯೆಂದು ಮೊದಲು ಹುಡುಕುವ ಸಾಲೊಂದನ್ನು ಅವರು ಸೇರಿಸಿದರು. ಮ್ಯಾಕ್ರೋ ಮಾಡಿದ ಬದಲಾವಣೆಯನ್ನು ಸಾಮಾನ್ಯವಾಗಿ ಹಿಂತೆಗೆಯಲಾಗದು. ಆದುದರಿಂದ ಮೊದಲೇ ಹಾಳೆಯ ಪ್ರತಿ ತೆಗೆದಿರಿಸುವುದನ್ನೂ ರೂಢಿಸಿಕೊಂಡರು.

ಶ್ರಮವೇನೋ ಉಳಿಯಿತು. ಆದರೂ ಹಣ ಎಣಿಸುವ ಮುನ್ನ ಅವರು ಹೆಸರುಗಳನ್ನು ಒಂದೊಂದಾಗಿ ಓದುತ್ತಾರೆ. ಕೊನೆಯ ಸಾಲಿನಲ್ಲಿರುವವರು ಹೊಸಬರು. ತಪ್ಪಿಹೋದ ಕೂಲಿಯನ್ನು ಬಾಯಿಬಿಟ್ಟು ಕೇಳಲು ಸಂಕೋಚಪಡುವವರು ಅವರೇ.