ಎಳನೀರು ತಂದ ನೆಂಟರು

ಕಾಯಿಲೆಯವರನ್ನು ನೋಡಲು ಹೋಗುವವರ ಕೈಚೀಲದಲ್ಲಿ ಎಳನೀರು, ಬಾಳೆಹಣ್ಣು, ಕಿತ್ತಳೆ ಇರಲೇಬೇಕು. ಕಿಡ್ನಿ ಸೋತವರ ಮನೆಯಲ್ಲಿ ಈ ಪ್ರೀತಿಯೇ ಫಜೀತಿಯಾದೀತು. ಇವುಗಳಲ್ಲಿ ಪೊಟ್ಯಾಸಿಯಂ ಹೆಚ್ಚು. ದುರ್ಬಲ ಮೂತ್ರಪಿಂಡ ಅದನ್ನು ಹೊರಹಾಕದಿದ್ದರೆ ರಕ್ತದಲ್ಲಿ ಮಟ್ಟ ಏರಿ ಹೃದಯದ ಬಡಿತವೇ ಹದಗೆಡಬಹುದು.

ಇನ್ನು ಉಪ್ಪಿನ ಕತೆ. ‘ಉಪ್ಪು ಕಡಿಮೆ ಮಾಡಿ’ ಎಂದು ಡಾಕ್ಟರು ಹೇಳಿದ್ದೇ ತಡ, ಮನೆಯವರು ಕಾಳಜಿಯಿಂದ ‘ಲೋ ಸೋಡಿಯಂ’ ಪೊಟ್ಟಣ ತರುತ್ತಾರೆ. ಅದರಲ್ಲಿ ಸೋಡಿಯಂ ತಗ್ಗಿಸಲು ಸಾಮಾನ್ಯವಾಗಿ ಬೆರೆಸುವುದು ಪೊಟ್ಯಾಸಿಯಂ ಕ್ಲೋರೈಡನ್ನು! ಮಾತು ಕೇಳಿದ ರೋಗಿಯೇ ಸಿಕ್ಕಿಬೀಳುವುದು ಅನ್ಯಾಯ. ಅರ್ಧ ಹೇಳಿದ ಸಲಹೆಯ ಫಲವದು. ಹಾಗೆಂದು ಎಲ್ಲರೂ ಹಣ್ಣು ಬಿಡಬೇಕಿಲ್ಲ, ಪಥ್ಯ ನಿರ್ಧಾರವಾಗುವುದು ಅವರವರ ರಕ್ತಪರೀಕ್ಷೆಯಿಂದ.

ಪಥ್ಯದಷ್ಟೇ ಎಚ್ಚರ ಮಾತ್ರೆಯಲ್ಲೂ ಬೇಕು. ಮಂಡಿನೋವಿಗೆ ಚೀಟಿಯಿಲ್ಲದೆ ಕೊಳ್ಳುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆಗಳು ಕಿಡ್ನಿಗೆ ಹರಿಯುವ ರಕ್ತವನ್ನೇ ತಗ್ಗಿಸಬಲ್ಲವು. ಇದನ್ನು ಔಷಧಿ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ.

ರಕ್ತಪರೀಕ್ಷೆಯ ವರದಿ ಕೈಗೆ ಬಂದರೆ ಎಲ್ಲರ ಕಣ್ಣು ಕಿಡ್ನಿ ಹೊರಹಾಕಬೇಕಾದ ತ್ಯಾಜ್ಯವಾದ ಕ್ರಿಯಾಟಿನಿನ್ ಮೇಲೆ. ಅದರ ಜೊತೆಗೆ ವಯಸ್ಸು, ಲಿಂಗ ಸೇರಿಸಿ ಲೆಕ್ಕಹಾಕುವ ಇಜಿಎಫ್ಆರ್ (ಕಿಡ್ನಿ ರಕ್ತ ಸೋಸುವ ವೇಗದ ಅಂದಾಜು) ಹೆಚ್ಚು ತಿಳಿಸುತ್ತದೆ: ಅದು ಮೂರು ತಿಂಗಳಿಗೂ ಮೀರಿ 60ಕ್ಕಿಂತ ಕೆಳಗಿದ್ದರೆ ದೀರ್ಘಕಾಲೀನ ಕಾಯಿಲೆ, 15ಕ್ಕಿಂತ ಕೆಳಗಿಳಿದರೆ ಐದನೆಯ, ಅಂದರೆ ಕೊನೆಯ ಹಂತ.

ಡಯಾಲಿಸಿಸ್‌ಗಾಗಿ ಕೈಯಲ್ಲಿ ಫಿಸ್ಟುಲಾ (ಅಪಧಮನಿಗೆ ಅಭಿಧಮನಿಯ ಜೋಡಣೆ) ಮಾಡಿಸಿಕೊಂಡವರು ಆ ಕೈಗೆ ಬಿಪಿ ಪಟ್ಟಿ ಕಟ್ಟಿಸಿಕೊಳ್ಳಬಾರದು, ಪರೀಕ್ಷೆಗೆ ರಕ್ತ ತೆಗೆಯಲು ಬಿಡಬಾರದು, ಅದನ್ನೇ ದಿಂಬು ಮಾಡಿಕೊಂಡು ಮಲಗಲೂಬಾರದು. ದಿನವೂ ಬೆರಳಿಟ್ಟರೆ ಅಲ್ಲಿ ಸಣ್ಣಗೆ ಕಂಪನ ಸಿಗಬೇಕು. ಸಿಗದಿದ್ದರೆ ಮುಂದಿನ ಡಯಾಲಿಸಿಸ್ ಸರದಿಗೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕು.